ನನ್ನ ಕಂಪ್ಯೂಟರು, ನನ್ನ ಗೇಮು, ನಂಗೇ ಪರ್ಮಿಷನ್ ಇಲ್ವಂತೆ!

ಪ್ರಿಂಟರ್, ವೈಫೈ ಅಂತ ಬರ್ದಿದ್ದೋರು ಮುಂದಿನ ಸಂಚಿಕೆವರೆಗೂ ಸ್ವಲ್ಪ ತಡ್ಕೊಳ್ಳಿ, ಈ ಸಲ ಪೂರ್ತಿ ಗೇಮ್ ಫೋಲ್ಡರ್‌ಗಳ ಗೋಳು. ರಜೆ ಶುರುವಾಗಿದೆ, ಮಕ್ಕಳು ದೊಡ್ಡೋರು ಎಲ್ಲ ಒಟ್ಟಿಗೇ ಕಂಪ್ಯೂಟರ್ ಮುಂದೆ ಕೂತಿದಾರೆ ಅಂತ ಪತ್ರ ನೋಡಿದ್ರೇ ಗೊತ್ತಾಗುತ್ತೆ.

ಪ್ರಶ್ನೆ: ಸರ್, ನಾನು ಬಿಕಾಂ ಓದ್ತಿದೀನಿ. ಅಂಗಡೀಲಿ ಹೊಸ ಎಸ್‌ಎಸ್‌ಡಿ ಹಾಕ್ಸಿ ಅದ್ರಲ್ಲಿ ವಿಂಡೋಸ್ 11 ಹೊಸದಾಗಿ ಹಾಕಿಸ್ದೆ, ಹಳೇ ಹಾರ್ಡ್ ಡಿಸ್ಕು ಡಿ ಡ್ರೈವ್ ಆಗಿ ಹಾಗೇ ಇದೆ. ಅದ್ರಲ್ಲಿರೋ ಹಳೇ ಗೇಮ್‌ಗಳೇ ನೂರು ಜಿಬಿ ಮೇಲೆ ಜಾಗ ತಿಂದ್ಕೊಂಡು ಕೂತಿವೆ. ಡಿಲೀಟ್ ಮಾಡೋಕೆ ಹೋದ್ರೆ ವಿಂಡೋಸ್‌ಆ್ಯಪ್ಸ್ ಅನ್ನೋ ಫೋಲ್ಡರ್ 'ಟ್ರಸ್ಟೆಡ್‌ಇನ್‌ಸ್ಟಾಲರ್ ಹತ್ರ ಪರ್ಮಿಷನ್ ತಗೊಂಡ್ ಬಾ' ಅನ್ನುತ್ತೆ, ಇನ್ನೊಂದು ಗೇಮ್ ಫೋಲ್ಡರ್ 'ಎಸ್-1-5-21' ಅಂತ ಶುರುವಾಗೋ ಮಾರುದ್ದದ ನಂಬರ್ ಹತ್ರ ತಗೊಂಡ್ ಬಾ ಅನ್ನುತ್ತೆ. ಅಡ್ಮಿನ್ ನಾನೇ, ಪಾಸ್‌ವರ್ಡೂ ನಂದೇ. ಯಾರ್ ಸಾರ್ ಇವ್ರಿಬ್ರು?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಆ ಮಾರುದ್ದದ ನಂಬರು ಬೇರೆ ಯಾರೂ ಅಲ್ಲಪ್ಪ, ನೀನೇ! ಅಂದ್ರೆ ಹಳೇ ವಿಂಡೋಸಲ್ಲಿದ್ದ ನೀನು.

ಊರಲ್ಲಿ ನಿಮ್ಮ ತಾತನ ಹೆಸರಲ್ಲಿ ಎರಡೆಕರೆ ಇದೆ ಅಂತಿಟ್ಕೋ. ತಾತ ಹೋಗಿ ಹತ್ತು ವರ್ಷ ಆಯ್ತು, ಉಳೋರು ಬಿತ್ತೋರು ನೀವೇ, ಆದ್ರೆ ಪಹಣೀಲಿ ಇವತ್ತಿಗೂ ತಾತನ ಹೆಸ್ರೇ. ಬ್ಯಾಂಕಿಗೆ ಸಾಲಕ್ಕೆ ಹೋದ್ರೆ ಮ್ಯಾನೇಜರು ಏನಂತಾರೆ? 'ಖಾತೆದಾರರನ್ನ ಕರ್ಕೊಂಡ್ ಬನ್ನಿ.' ಎಲ್ಲಿಂದ ಕರ್ಕೊಂಡ್ ಬರೋದು? ನಿನ್ನ ಡಿ ಡ್ರೈವಲ್ಲಿ ಆಗಿರೋದು ಇದೇ. ಎನ್‌ಟಿಎಫ್‌ಎಸ್ ಅನ್ನೋ ಡಿಸ್ಕ್ ಪದ್ಧತಿ 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂತು, ಅವತ್ತಿಂದ ಇವತ್ತಿನವರೆಗೂ ಪ್ರತಿಯೊಂದು ಫೈಲಿಗೂ ಫೋಲ್ಡರಿಗೂ ಒಂದೊಂದು ಪಹಣಿ ಇದ್ದೇ ಇರುತ್ತೆ, ಮಾಲೀಕ ಯಾರು, ಯಾರ್ಯಾರು ಓದ್ಬೋದು, ಯಾರು ಬರೀಬೋದು, ಯಾರು ಅಳಿಸ್ಬೋದು ಅಂತ. ಆದ್ರೆ ಅದ್ರಲ್ಲಿ ನಿನ್ನ ಹೆಸರು ಬರ್ಕೊಂಡಿರಲ್ಲ, ನಂಬರ್ ಬರ್ಕೊಂಡಿರುತ್ತೆ. ಎಸ್-1-5-21 ಆದ್ಮೇಲೆ ಬರೋ ಮೂರು ದೊಡ್ಡ ಸಂಖ್ಯೆ ಆ ವಿಂಡೋಸ್ ಹಾಕ್ದಾಗ ಅದು ತಾನೇ ಹುಟ್ಟಿಸ್ಕೊಂಡಿದ್ದು, ಕೊನೇಲಿರೋ 1001ರ ಥರದ್ದು ಆ ಮಷೀನಲ್ಲಿ ನಿನ್ನ ಅಕೌಂಟಿನ ನಂಬರು. ಹೊಸ ವಿಂಡೋಸಲ್ಲೂ ನೀನು ಅದೇ ಹೆಸರು ಅದೇ ಪಾಸ್‌ವರ್ಡ್ ಇಟ್ಟಿರ್ಬೋದು, ಆದ್ರೆ ಆ ಮೂರು ಸಂಖ್ಯೆ ಬೇರೆ, ಹಾಗಾಗಿ ಅದ್ರ ಲೆಕ್ಕದಲ್ಲಿ ನೀನು ಬೇರೆ ಆಸಾಮಿ. ಹಳೇ ನೀನು ಸ್ವರ್ಗಸ್ಥ!

ಇದಕ್ಕೆ ಪರಿಹಾರ ಪೌತಿ ಖಾತೆ ಮಾಡ್ಸೋದು. ಪುಣ್ಯಕ್ಕೆ ತಾಲ್ಲೂಕು ಆಫೀಸು ಅಲೀಬೇಕಾಗಿಲ್ಲ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್ ಅಂತ ಹೋಗು, ಮೇಲ್ಗಡೆ ಓನರ್ ಅನ್ನೋ ಕಡೆ ಆ ನಂಬರೇ ಕಾಣ್ಬೋದು, ಇಲ್ಲಾಂದ್ರೆ ಮಾಲೀಕ್ರನ್ನ ತೋರಿಸೋಕಾಗ್ತಿಲ್ಲ ಅಂತಿರುತ್ತೆ. ಪಕ್ಕದ ಚೇಂಜ್ ಒತ್ತಿ ನಿನ್ನ ಯೂಸರ್ ಹೆಸರು ಟೈಪ್ ಮಾಡಿ ಚೆಕ್ ನೇಮ್ಸ್ ಕೊಡು, ಹೆಸರಿನ ಕೆಳಗೆ ಗೆರೆ ಬಿದ್ರೆ ಸರಿ ಅಂತರ್ಥ. ಆಮೇಲೆ 'ರೀಪ್ಲೇಸ್ ಓನರ್ ಆನ್ ಸಬ್‌ಕಂಟೈನರ್ಸ್' ಅಂತ ಶುರುವಾಗೋ ಒಂದು ಚೌಕ ಬರುತ್ತೆ, ಅದಕ್ಕೆ ಟಿಕ್ ಹಾಕೋದು ಮರೀಬೇಡ, ಮರೆತ್ರೆ ಹೊರಗಿನ ಫೋಲ್ಡರ್ ಒಂದೇ ನಿನ್ನ ಹೆಸರಿಗೆ ಬಂದು ಒಳಗಿರೋ ಸಾವಿರಾರು ಫೈಲು ತಾತನ ಹೆಸರಲ್ಲೇ ಉಳ್ಕೊಳುತ್ತೆ. ಅಪ್ಲೈ ಕೊಟ್ಟು ಎಲ್ಲ ಕಿಟಕಿ ಮುಚ್ಚು.

ಈಗ ತುಂಬಾ ಜನ ಎಡವೋ ಜಾಗ. ಖಾತೆ ಆಯ್ತು ಅಂತ ಖುಷಿಯಾಗಿ ಡಿಲೀಟ್ ಒತ್ತಿದ್ರೆ ಮತ್ತೆ ಅದೇ ಮೆಸೇಜು ಬರ್ಬೋದು, ಯಾಕಂದ್ರೆ ಖಾತೆ ಬೇರೆ ಸ್ವಾಧೀನ ಬೇರೆ. ಮಾಲೀಕ ಆದೋನಿಗೆ 'ಯಾರಿಗೆ ಪರ್ಮಿಷನ್' ಅಂತ ತಿದ್ದೋ ಹಕ್ಕು ಬರುತ್ತೆ ಅಷ್ಟೆ, ಅಳಿಸೋ ಹಕ್ಕನ್ನ ನೀನೇ ನಿನಗೆ ಬರ್ಕೊಟ್ಕೋಬೇಕು. ಮತ್ತೆ ಅದೇ ಅಡ್ವಾನ್ಸ್ಡ್ ಒಳಗೆ ಹೋಗಿ ಆ್ಯಡ್, ಸೆಲೆಕ್ಟ್ ಎ ಪ್ರಿನ್ಸಿಪಲ್, ನಿನ್ನ ಹೆಸರು, ಫುಲ್ ಕಂಟ್ರೋಲ್, ಓಕೆ. ಕೆಳಗೆ 'ರೀಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್' ಅಂತ ಶುರುವಾಗೋ ಸಾಲಿಗೂ ಟಿಕ್. ಗೇಮ್ ಫೋಲ್ಡರಲ್ಲಿ ಪುಟ್ಟ ಪುಟ್ಟ ಫೈಲು ಲೆಕ್ಕ ಇಲ್ದಷ್ಟು ಇರ್ತವೆ, ಹಳೇ ಹಾರ್ಡ್ ಡಿಸ್ಕ್ ಬೇರೆ, ಟೈಮ್ ಹಿಡಿಯುತ್ತೆ, ನಡುವೆ ಕ್ಯಾನ್ಸಲ್ ಒತ್ಬೇಡ, ಹೋಗಿ ಕಾಫಿ ಕುಡ್ಕೊಂಡ್ ಬಾ. ಆಮೇಲೆ ಶಿಫ್ಟ್ ಹಿಡ್ಕೊಂಡು ಡಿಲೀಟ್ ಮಾಡು.

ಇನ್ನು ಟ್ರಸ್ಟೆಡ್‌ಇನ್‌ಸ್ಟಾಲರ್. ಇದು ತಾತನ ಜಮೀನಲ್ಲ, ಸರ್ಕಾರಿ ಜಾಗ. 2007ರ ವಿಸ್ಟಾ ಅನ್ನೋ ಆವೃತ್ತಿ ಕಾಲದಿಂದ ವಿಂಡೋಸು ತನ್ನ ಸಿಸ್ಟಮ್ ಫೈಲ್‌ಗಳನ್ನ ಈ ಸರ್ವೀಸ್ ಹೆಸರಿಗೆ ಬರ್ದಿಟ್ಕೊಂಡಿದೆ, ಅಡ್ಮಿನ್ನೇ ಆದ್ರೂ ಕೈ ಹಾಕ್ಬಾರ್ದು ಅಂತ. ಮೈಕ್ರೋಸಾಫ್ಟ್ ಸ್ಟೋರಿಂದ, ಹಳೇ ಎಕ್ಸ್‌ಬಾಕ್ಸ್ ಆ್ಯಪಿಂದ ಹಾಕಿದ ಗೇಮೆಲ್ಲ ವಿಂಡೋಸ್‌ಆ್ಯಪ್ಸ್ ಒಳಗೆ ಹೋಗಿ ಕೂತ್ಕೊಳ್ತವೆ. ಈ ಟ್ರಸ್ಟೆಡ್‌ಇನ್‌ಸ್ಟಾಲರ್ ನಂಬರು ಎಲ್ಲಾ ವಿಂಡೋಸಲ್ಲೂ ಒಂದೇ, ಅದಕ್ಕೇ ವಿಂಡೋಸ್ ಬದ್ಲಾದ್ರೂ ಈ ಮಾಲೀಕ ಸಾಯಲ್ಲ, ಸರ್ಕಾರ ಬದ್ಲಾದ್ರೂ ಗೋಮಾಳ ಗೋಮಾಳವೇ ಅಲ್ವಾ, ಹಾಗೆ. ನಿನ್ನ ಡಿ ಡ್ರೈವಲ್ಲಿರೋದನ್ನ ಈಗ ಯಾವ ವಿಂಡೋಸೂ ಬಳಸ್ತಿಲ್ಲ, ಅದಕ್ಕೂ ಮೇಲಿನ ಕ್ರಮವನ್ನೇ ಮಾಡಿ ತೆಗೀಬೋದು. ತೆಗೆಯೋಕೆ ಮುಂಚೆ ಒಂದೇ ಒಂದು ಸಲ ಸೆಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಅಡ್ವಾನ್ಸ್ಡ್ ಸ್ಟೋರೇಜ್ ಸೆಟಿಂಗ್ಸ್ ಅಂತ ಹೋಗಿ ಹೊಸ ಆ್ಯಪ್‌ಗಳು ಎಲ್ಲಿ ಸೇವ್ ಆಗ್ಬೇಕು ಅನ್ನೋ ಕಡೆ ಸಿ ಇದೆಯಾ ಡಿ ಇದೆಯಾ ನೋಡು. ಡಿ ಇದ್ರೆ ನೀನು ಹೊಸ ವಿಂಡೋಸಲ್ಲಿ ಹಾಕಿರೋ ಆ್ಯಪೂ ಅಲ್ಲೇ ಇರ್ಬೋದು, ಜೋಪಾನ. ಸಿ ಡ್ರೈವಿನ ವಿಂಡೋಸ್‌ಆ್ಯಪ್ಸ್ ಮಾತ್ರ ಯಾವ ಕಾರಣಕ್ಕೂ ಮುಟ್ಬೇಡ. ಯಾಕೆ ಅಂತ ಕೆಳಗೆ ತುಮಕೂರಿನೋರ ಕತೆ ಓದು.

ಅಂದಹಾಗೆ ಆ ಡಿ ಡ್ರೈವಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ತಗೊಂಡ ಗೇಮ್‌ಗಳೂ ಇದ್ರೆ ಅವನ್ನ ಅಳಿಸೋಕೆ ಹೋಗ್ಬೇಡ ಮಾರಾಯ, ಹೊಸ ವಿಂಡೋಸಲ್ಲಿ ಸ್ಟೀಮ್ ಹಾಕಿ ಸೆಟಿಂಗ್ಸ್‌ನ ಸ್ಟೋರೇಜ್ ಒಳಗೆ ಡಿ ಡ್ರೈವಿನ ಆ ಹಳೇ ಲೈಬ್ರರಿ ಸೇರಿಸ್ದ್ರೆ ಗೇಮೆಲ್ಲ ತಾನೇ ಗುರುತು ಹಿಡಿಯುತ್ತೆ, ನೂರು ಜಿಬಿ ಮತ್ತೆ ಇಳಿಸೋ ಕರ್ಮ ತಪ್ಪುತ್ತೆ. ವಿಂಡೋಸ್‌ಆ್ಯಪ್ಸ್ ಗೇಮಿಗೆ ಆ ಭಾಗ್ಯ ಇಲ್ಲ.

ಪ್ರಶ್ನೆ: ಸರ, ನಮಸ್ಕಾರ್ರೀ. ಗೇಮ್ ಆಡಾಕ ಏನೂ ತ್ರಾಸಿಲ್ಲ, ಆದ್ರ ಸೇವ್ ಆಗವಲ್ದು. ಡಾಕ್ಯುಮೆಂಟ್ಸ್ ಒಳಗ ಮೈ ಗೇಮ್ಸ್ ಫೋಲ್ಡರ್ ಐತಿ, ಅದರ ಪ್ರಾಪರ್ಟೀಸ್‌ನಾಗ ರೀಡ್ ಓನ್ಲಿ ಅಂತ ಇತ್ತು, ತಗದೆ. ಮತ್ತ ತಗದು ನೋಡಿದ್ರ ಹಂಗ ಐತಿ. ಹತ್ತ ಸರ್ತಿ ತಗದೇನಿ. ಎವ್ರಿವನ್ ಅಂತ ಹಾಕಿ ಎಲ್ಲಾರಿಗೂ ಫುಲ್ ಕಂಟ್ರೋಲ್ ಸುದ್ದಾ ಕೊಟ್ಟೇನಿ. ತಲಿ ಕೆಟ್ಟೈತಿ.
— ಹುಬ್ಬಳ್ಳಿಯಿಂದ ಒಬ್ರು

ಉತ್ತರ: ರೀ ಸಾಹೇಬ್ರ, ಮೊದ್ಲು ಆ ರೀಡ್ ಓನ್ಲಿ ಚೌಕದ ಸಹವಾಸ ಬಿಟ್ಬಿಡಿ. ಫೋಲ್ಡರಿಗೆ ಆ ಚೌಕದಲ್ಲಿ ಟಿಕ್ ಇರಲ್ಲ ನೋಡಿ, ಒಳಗೆ ತುಂಬಿದ ಪುಟ್ಟ ಚೌಕ ಇರುತ್ತೆ, ಅದು ಎಲ್ಲರ ಮನೆ ಕಂಪ್ಯೂಟರಲ್ಲೂ ಎಲ್ಲಾ ಫೋಲ್ಡರಿಗೂ ಹಾಗೇ ಇರುತ್ತೆ. ಆ ಗುರುತು ಒಳಗಿನ ಫೈಲುಗಳಿಗೆ ಸಂಬಂಧಪಟ್ಟಿದ್ದು, ಫೋಲ್ಡರಿಗೆ ಬೀಗ ಅಂತಲ್ಲ. ನೀವು ಸಾವಿರ ಸಲ ತೆಗೆದ್ರೂ ಮುಂದಿನ ಸಲ ತೆರೆದಾಗ ಅಲ್ಲೇ ಇರುತ್ತೆ. ಇದನ್ನ ಹಿಂಗ್ಯಾಕೆ ಇಟ್ಟಿದಾರೋ, ಇಷ್ಟು ವರ್ಷದಲ್ಲಿ ಎಷ್ಟು ಜನರ ಭಾನುವಾರ ಇದೊಂದು ಚೌಕ ತಿಂದಿದೆಯೋ.

ನಿಮ್ಮ ಪಹಣಿ ಸರಿ ಇದೆ, ಜಮೀನು ನಿಮ್ದೇ, ಆದ್ರೆ ಗೇಟಲ್ಲಿ ವಾಚ್‌ಮನ್ ನಿಂತಿದಾನೆ ಅಂತ ನನ್ನ ಅನುಮಾನ. ವಿಂಡೋಸ್ 10ಗೆ 2017ರ ಅಪ್‌ಡೇಟಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಅಂತ ಒಂದು ಬಂತು, ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ವೈರಸ್ಸು ಫೋಟೋ, ಡಾಕ್ಯುಮೆಂಟ್ಸ್ ಮುಟ್ಟದ ಹಾಗೆ ಕಾಯೋಕೆ. ಇದು ತಾನಾಗೇ ಆನ್ ಆಗಿರಲ್ಲ, ಯಾರೋ ಆನ್ ಮಾಡಿರ್ತಾರೆ. ಇದರ ವಿಶೇಷ ಏನು ಅಂದ್ರೆ ಬಂದೋರು ಯಾರು ಅಂತ ಇದು ನೋಡಲ್ಲ, ಯಾವ ಪ್ರೋಗ್ರಾಮು ಅಂತ ನೋಡುತ್ತೆ. ನೀವು ಅಡ್ಮಿನ್ ಆಗಿರಿ, ಎವ್ರಿವನ್ ಹಾಕಿರಿ, ಆ ಗೇಮು ಇವನ ಲಿಸ್ಟಲ್ಲಿ ಇಲ್ಲಾಂದ್ರೆ ಒಳಗೆ ಬಿಡಲ್ಲ ಅಂದ್ರೆ ಬಿಡಲ್ಲ. ವಿಂಡೋಸ್ ಸೆಕ್ಯೂರಿಟಿ ತೆಗೆದು ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಕೆಳಗಡೆ ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಒತ್ತಿ, ಬ್ಲಾಕ್ ಹಿಸ್ಟರೀಲಿ ನಿಮ್ಮ ಗೇಮಿನ ಹೆಸರು ಇದ್ರೆ ಕಳ್ಳ ಸಿಕ್ಕ ಅಂತ. ಅಲ್ಲೇ 'ಅಲೌ ಆ್ಯನ್ ಆ್ಯಪ್' ಅನ್ನೋದ್ರಲ್ಲಿ ಇತ್ತೀಚೆಗೆ ತಡೆದ ಆ್ಯಪ್‌ಗಳ ಪಟ್ಟಿಯಿಂದ ಗೇಮನ್ನ ಸೇರಿಸಿ. ವಾಚ್‌ಮನ್‌ನ ಕೆಲಸದಿಂದ್ಲೇ ತೆಗೀಬೇಡಿ, ಅವನು ಒಳ್ಳೇವ್ನೇ.

ಆ ಎವ್ರಿವನ್ ಫುಲ್ ಕಂಟ್ರೋಲ್ ಮಾತ್ರ ಇವತ್ತೇ ವಾಪಸ್ ತೆಗೀರಿ. ಊರೋರಿಗೆಲ್ಲ ಮನೆ ಕೀ ಕೊಟ್ಟಂಗೆ ಅದು, ಪಕ್ಕದ ಮನೆಯೋರು ಬರ್ತಾರೋ ಇಲ್ವೋ, ಕೀ ಅಂತೂ ಅವ್ರ ಹತ್ರ ಇರುತ್ತೆ.

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು. ಅವನಿಗೆ ಕಂಪ್ಯೂಟರಲ್ಲಿ ಬೇರೆ ಅಕೌಂಟ್ ಮಾಡಿಕೊಟ್ಟಿದೀವಿ, ಅಡ್ಮಿನ್ ಅಲ್ಲ. ಗೇಮ್ ಅಪ್‌ಡೇಟ್ ಬಂದಾಗೆಲ್ಲ ಪಾಸ್‌ವರ್ಡ್ ಕೇಳುತ್ತೆ, ನಾನು ಅಡುಗೆ ಮನೆಯಿಂದ ಓಡಿ ಬರ್ಬೇಕು. 'ನನ್ನನ್ನೇ ಅಡ್ಮಿನ್ ಮಾಡ್ಬಿಡಮ್ಮಾ' ಅಂತ ದಿನಾ ಒಂದೇ ಹಠ. ಮಾಡ್ಲಾ?
— ಗೃಹಿಣಿ, ಮೈಸೂರು

ಉತ್ತರ: ಬೇಡಿ ಮೇಡಂ, ಖಂಡಿತ ಬೇಡಿ. ತಪ್ಪು ಮಗಂದಲ್ಲ, ಗೇಮ್ ಇರೋ ಜಾಗದ್ದು. ಪ್ರೋಗ್ರಾಮ್ ಫೈಲ್ಸ್ ಅನ್ನೋ ಫೋಲ್ಡರ್ ದೇವರ ಮನೆ ಇದ್ದಂಗೆ, ಮಾಮೂಲಿ ಅಕೌಂಟ್‌ನೋರು ಬಾಗಿಲಲ್ಲಿ ನಿಂತು ನೋಡ್ಬೋದು, ಒಳಗೆ ಹೋಗಿ ಏನೂ ಸರಿಸೋ ಹಾಗಿಲ್ಲ. ಅಲ್ಲಿ ಹಾಕಿರೋ ಗೇಮು ತನ್ನನ್ನ ತಾನು ಅಪ್‌ಡೇಟ್ ಮಾಡ್ಕೊಳ್ಳೋಕೆ ಹೋದಾಗೆಲ್ಲ ನಿಮ್ಮನ್ನ ಕರೆಯುತ್ತೆ. ಸಿ ಬಿಟ್ಟು ಬೇರೆ ಡ್ರೈವ್ ಇದ್ಯಾ ನೋಡಿ, ಡಿ ಅಂತಿಟ್ಕೊಳ್ಳಿ, ಅದ್ರಲ್ಲಿ ಗೇಮ್ಸ್ ಅಂತ ಒಂದು ಹೊಸ ಫೋಲ್ಡರ್ ಮಾಡಿ ಗೇಮನ್ನ ಅಲ್ಲಿ ಹಾಕಿ. ವಿಂಡೋಸಲ್ಲೇ ಫಾರ್ಮ್ಯಾಟ್ ಮಾಡಿದ ಡ್ರೈವಿಗೆ ಲಾಗಿನ್ ಆದ ಎಲ್ಲ ಅಕೌಂಟಿಗೂ ಬರೆಯೋ ಅಳಿಸೋ ಪರ್ಮಿಷನ್ ಮೊದಲಿಂದ್ಲೇ ಇರುತ್ತೆ, ನೀವೇನೂ ಸೆಟಿಂಗ್ ಮುಟ್ಬೇಕಾಗಿಲ್ಲ. ಡಿ ಇಲ್ಲಾಂದ್ರೆ ಸಿ ಡ್ರೈವಿನ ಮೇಲ್ಗಡೆಯೇ, ಪ್ರೋಗ್ರಾಮ್ ಫೈಲ್ಸ್ ಹೊರಗೆ, ಒಂದು ಫೋಲ್ಡರ್ ಮಾಡಿದ್ರೂ ನಡೆಯುತ್ತೆ. ಇಷ್ಟಾದ್ರೂ ಆಂಟಿ-ಚೀಟ್ (ಮೋಸದಾಟ ತಡೆಯೋ ವ್ಯವಸ್ಥೆ) ಇರೋ ಕೆಲವು ಆನ್‌ಲೈನ್ ಗೇಮು ಆಗೊಮ್ಮೆ ಈಗೊಮ್ಮೆ ಪಾಸ್‌ವರ್ಡ್ ಕೇಳೇ ಕೇಳ್ತವೆ, ಅಷ್ಟಕ್ಕೆ ಓಡಿ ಬನ್ನಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಕೀಬೋರ್ಡಿಗೆ ಕೈ ಅಡ್ಡ ಹಿಡೀರಿ, ಎಂಟನೇ ಕ್ಲಾಸಿನ ಕಣ್ಣು ಬಲೇ ಚುರುಕು.

ಪ್ರಶ್ನೆ: ಒಂದು ವಿಡಿಯೋ ನೋಡಿ ಸ್ಟೋರ್ ಗೇಮಿಗೆ ಮಾಡ್ (ಗೇಮನ್ನ ಬೇಕಾದಂಗೆ ಬದಲಾಯಿಸೋ ಫೈಲು) ಹಾಕೋಣ ಅಂತ ಹೊರಟೆ. ಟೇಕ್‌ಓನ್ ಅಂತ, ಫೋಲ್ಡರನ್ನ ನಮ್ಮ ಹೆಸರಿಗೆ ಮಾಡ್ಕೊಳ್ಳೋ ಒಂದು ಕಮಾಂಡು ತೋರಿಸಿದ್ರು, ಅದನ್ನ ಪೂರ್ತಿ ಪ್ರೋಗ್ರಾಮ್ ಫೈಲ್ಸಿಗೇ ಕೊಟ್ಬಿಟ್ಟೆ. ಆಮೇಲೆ ಇನ್ನೊಂದು ಕಮಾಂಡ್ ಹಾಕಿ ಪರ್ಮಿಷನ್ನೂ ಬದಲಾಯಿಸಿದೆ. ಈಗ ಸ್ಟೋರ್ ತೆಗೀತಿಲ್ಲ, ಕ್ಯಾಲ್ಕುಲೇಟರೂ ತೆಗೀತಿಲ್ಲ, ಮಾಡೂ ಆಗ್ಲಿಲ್ಲ.
— ತುಮಕೂರು, ಹೆಸರು ಹಾಕ್ಬೇಡಿ ಪ್ಲೀಸ್

ಉತ್ತರ: ಹಾಕಲ್ಲ ಬಿಡಿ. ನಾನೂ ಒಂದು ಕಾಲದಲ್ಲಿ ಹೀಗೇ ಸಿ ಡ್ರೈವ್ ಪೂರ್ತಿ ನನ್ನ ಹೆಸರಿಗೆ ಬರೆಸ್ಕೊಂಡು, ಆಹಾ ಈಗ ನಾನೇ ರಾಜ ಅಂತ ರೀಸ್ಟಾರ್ಟ್ ಮಾಡಿ, ಆ ರಾತ್ರಿ ಮೂರು ಗಂಟೆವರೆಗೂ ವಿಂಡೋಸ್ ಮತ್ತೆ ಹಾಕ್ಕೊಂಡು ಕೂತಿದ್ದೋನು.

ಸ್ಟೋರಿನ ಪ್ರತಿ ಆ್ಯಪ್ ಫೋಲ್ಡರಿಗೂ ಪರ್ಮಿಷನ್ ಲೆಕ್ಕ ಬೇರೆ ಬೇರೆ ಇರುತ್ತೆ, ಅವೆಲ್ಲ ಇರೋದು ಪ್ರೋಗ್ರಾಮ್ ಫೈಲ್ಸ್ ಒಳಗಿನ ವಿಂಡೋಸ್‌ಆ್ಯಪ್ಸಲ್ಲಿ, ಕ್ಯಾಲ್ಕುಲೇಟರ್ ಕೂಡ ಅಲ್ಲೇ ವಾಸ. ನೀವು ಎಲ್ಲದಕ್ಕೂ ಒಂದೇ ಸುಣ್ಣ ಬಳಿದ್ಬಿಟ್ರಿ, ಈಗ ಯಾವ ಗೋಡೆಗೆ ಮೊದಲು ಯಾವ ಬಣ್ಣ ಇತ್ತು ಅಂತ ಯಾರಿಗೂ ಗೊತ್ತಿಲ್ಲ. ಒಂದೊಂದಾಗಿ ವಾಪಸ್ ತಿದ್ದೋಕೆ ಕೂತ್ರೆ ಮುಗಿಯಲ್ಲ. ಸುಲಭದ ದಾರಿ ಅಂದ್ರೆ ಇದ್ದ ವಿಂಡೋಸ್ ಮೇಲೇನೇ ಅದೇ ವಿಂಡೋಸ್ ಮತ್ತೆ ಹಾಕೋದು, ವಿಂಡೋಸ್ 11ರಲ್ಲಿ ಸೆಟಿಂಗ್ಸ್, ಸಿಸ್ಟಮ್, ರಿಕವರಿ ಒಳಗೆ ವಿಂಡೋಸ್ ಅಪ್‌ಡೇಟ್ ಬಳಸಿ ಸರಿಮಾಡೋ ಬಟನ್ ಇದೆ, ಫೈಲು ಆ್ಯಪು ಎಲ್ಲ ಹಾಗೇ ಉಳಿಯುತ್ತೆ. ಆದ್ರೂ ಮುಖ್ಯವಾದ ಫೈಲು ಮೊದ್ಲು ಪೆನ್ ಡ್ರೈವಿಗೆ ಹಾಕ್ಕೊಳ್ಳಿ. ಅದ್ರಲ್ಲೂ ಸರಿಹೋಗ್ಲಿಲ್ಲ ಅಂದ್ರೆ ಅಲ್ಲೇ ಇರೋ ರೀಸೆಟ್, 'ಕೀಪ್ ಮೈ ಫೈಲ್ಸ್' ಅಂತ ಕೊಟ್ಟು. ಇದ್ರಲ್ಲಿ ನಿಮ್ಮ ಫೋಟೋ ಡಾಕ್ಯುಮೆಂಟ್ ಉಳಿಯುತ್ತೆ, ಹಾಕ್ಕೊಂಡಿದ್ದ ಸಾಫ್ಟ್‌ವೇರ್ ಹೋಗುತ್ತೆ.

ಮಾಡ್ ಹಾಕೋ ಆಸೆ ಇನ್ನೂ ಇದ್ರೆ, ಈಗಿನ ಎಕ್ಸ್‌ಬಾಕ್ಸ್ ಆ್ಯಪಲ್ಲಿ ಹಾಕಿದ ಎಷ್ಟೋ ಗೇಮು ವಿಂಡೋಸ್‌ಆ್ಯಪ್ಸ್ ಬದಲು ಎಕ್ಸ್‌ಬಾಕ್ಸ್‌ಗೇಮ್ಸ್ ಅನ್ನೋ ಮಾಮೂಲಿ ಫೋಲ್ಡರಿಗೆ ಹೋಗುತ್ತೆ, ಒಳಗೆ ಕಂಟೆಂಟ್ ಅಂತ ಇರುತ್ತೆ, ಅದನ್ನ ಯಾವ ಕಮಾಂಡೂ ಇಲ್ದೆ ತೆಗೀಬೋದು. ಮೊದ್ಲು ಇದನ್ನ ನೋಡಿದ್ರೆ ಆ ವಿಡಿಯೋನೇ ಬೇಕಾಗ್ತಿರ್ಲಿಲ್ಲ.

ಪ್ರಶ್ನೆ: ಕಾಲೇಜು ದಿನಗಳ ನೆನಪಿಗೆ ಏಜ್ ಆಫ್ ಎಂಪೈರ್ಸ್ ಎರಡರ ಹಳೇ ಸಿಡಿ ಹುಡುಕಿ ಹಾಕ್ಕೊಂಡೆ. ಒಂದು ವಾರ ಆಡಿ ಸೇವ್ ಮಾಡಿದ್ದೆ. ಯಾರೋ ಹೇಳಿದ್ರು ಅಂತ ಮೊನ್ನೆ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಟ್ಟೆ, ಸೇವ್ ಎಲ್ಲ ಮಾಯ!
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಎಲ್ಲೂ ಹೋಗಿಲ್ಲ ಸರ್, ಇದು ನಂಗೆ ತುಂಬಾ ಇಷ್ಟವಾದ ಪ್ರಶ್ನೆ. 1999ರ ಗೇಮ್ ಅದು, ಆಗ ಪ್ರೋಗ್ರಾಮ್ ಫೈಲ್ಸ್‌ಗೆ ಬಾಗಿಲೇ ಇರ್ಲಿಲ್ಲ ಅನ್ನಬೇಕು, ಗೇಮು ತಾನಿರೋ ಫೋಲ್ಡರಲ್ಲೇ ಸೇವ್ ಬರ್ಕೊಳ್ತಿತ್ತು. ವಿಸ್ಟಾ ಬಂದು ಬಾಗಿಲು ಹಾಕ್ದಾಗ ಇಂಥ ಹಳೇ ಸಾಫ್ಟ್‌ವೇರೆಲ್ಲ ನಿಂತೋಗ್ಬಾರ್ದು ಅಂತ ಒಂದು ಜಾಣತನ ಮಾಡಿದ್ರು. ಹಳೇ ಗೇಮು ಅಲ್ಲಿ ಬರೆಯೋಕೆ ಹೋದ್ರೆ ವಿಂಡೋಸು 'ಆಯ್ತಪ್ಪ ಬರ್ದೆ' ಅಂತ ತಲೆ ಆಡಿಸಿ, ನಿಜಕ್ಕೂ ಅದನ್ನ ನಿಮ್ಮ ಯೂಸರ್ ಫೋಲ್ಡರಿನ ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಒಳಗೆ ಬಚ್ಚಿಡುತ್ತೆ, ಗೇಮ್ ಕೇಳಿದಾಗ ಅಲ್ಲಿಂದ್ಲೇ ತಂದ್ಕೊಡುತ್ತೆ. ಗೇಮಿಗೆ ಈ ಮೋಸ ಗೊತ್ತೇ ಆಗಲ್ಲ. ನೀವು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸ್ದಾಗ ಈ ನಾಟಕ ನಿಂತೋಗುತ್ತೆ, ಗೇಮು ನಿಜವಾದ ಫೋಲ್ಡರನ್ನೇ ನೋಡುತ್ತೆ, ಅಲ್ಲೇನಿದೆ, ಖಾಲಿ. ಮತ್ತೆ ಮಾಮೂಲಿಯಾಗಿ ಓಡ್ಸಿ, ಸೇವ್ ಎಲ್ಲ ಬರುತ್ತೆ. ಆ್ಯಪ್‌ಡೇಟಾ ಕಾಣ್ತಿಲ್ಲ ಅಂದ್ರೆ ವ್ಯೂನಲ್ಲಿ ಹಿಡನ್ ಐಟಮ್ಸ್ ಆನ್ ಮಾಡ್ಕೊಳ್ಳಿ, ಅಲ್ಲಿರೋ ಸೇವ್‌ಗೇಮ್ ಫೋಲ್ಡರನ್ನ ಒಂದು ಕಾಪಿ ಇಟ್ಕೊಂಡ್ಬಿಡಿ. ಮನೇಲಿ ಬೇರೆಯವ್ರು ಅವ್ರ ಅಕೌಂಟಲ್ಲಿ ಆಡಿದ್ರೆ ನಿಮ್ಮ ಸೇವ್ ಅವ್ರಿಗೆ ಕಾಣಲ್ಲ, ಅದಕ್ಕೂ ಇದೇ ಕಾರಣ.

ಸುಮ್ನೆ ಎಲ್ಲದಕ್ಕೂ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಅನ್ನೋ ಸಲಹೆ ಇದ್ಯಲ್ಲ, ಜ್ವರಕ್ಕೂ ಕಾಲುನೋವಿಗೂ ಒಂದೇ ಇಂಜೆಕ್ಷನ್ ಕೊಡೋ ಡಾಕ್ಟರ್ ಥರ. ಕೆಲವು ಸಲ ವಾಸಿಯಾಗುತ್ತೆ, ಯಾಕೆ ಅಂತ ಇಬ್ರಿಗೂ ಗೊತ್ತಿರಲ್ಲ.

ಪ್ರಶ್ನೆ: ಸ್ಟೀಮಲ್ಲಿ ಅಪ್‌ಡೇಟ್ ಕೊನೆಗೆ ಬಂದು 'ಕಂಟೆಂಟ್ ಫೈಲ್ ಲಾಕ್ಡ್' ಅಂತ ನಿಲ್ತದೆ. ಓನರ್ ಚೇಂಜ್ ಮಾಡಿ ಆಯ್ತು, ಎಂತ ಮಾಡಿದ್ರೂ ಆಗುವುದಿಲ್ಲ ಮಾರಾಯ್ರೆ.
— ಮಂಗಳೂರು

ಉತ್ತರ: ಇದು ಪರ್ಮಿಷನ್ ವಿಷಯವೇ ಅಲ್ಲ ಮಾರಾಯ್ರೆ. ಹೊರಗಿಂದ ಯಾರೂ ಬೀಗ ಹಾಕಿಲ್ಲ, ಬಚ್ಚಲುಮನೆ ಒಳಗೆ ಯಾರೋ ಇದಾರೆ, ಚಿಲಕ ಹಾಕ್ಕೊಂಡು. ಆ ಫೈಲನ್ನ ಬೇರೆ ಪ್ರೋಗ್ರಾಮು ತೆರೆದಿಟ್ಕೊಂಡಿದೆ, ಅದು ಬಿಡೋ ತನಕ ಸ್ಟೀಮ್ ಬರೆಯೋ ಹಾಗಿಲ್ಲ. ಮೊದ್ಲು ರೀಸ್ಟಾರ್ಟ್ ಮಾಡಿ, ಶಟ್‌ಡೌನ್ ಮಾಡಿ ಆನ್ ಮಾಡೋದಲ್ಲ, ರೀಸ್ಟಾರ್ಟೇ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನಲ್ಲಿ ವಿಂಡೋಸ್ ಪೂರ್ತಿ ಮುಚ್ಚಲ್ಲ. ಆಗ್ಲಿಲ್ಲ ಅಂದ್ರೆ ಸ್ಟಾರ್ಟಲ್ಲಿ ರಿಸೋರ್ಸ್ ಮಾನಿಟರ್ ಹುಡುಕಿ ತೆಗೀರಿ, ಸಿಪಿಯು ಟ್ಯಾಬಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಅಂತಿದೆ, ಗೇಮ್ ಫೋಲ್ಡರಿನ ಹೆಸರು ಅಲ್ಲಿ ಹಾಕಿದ್ರೆ ಒಳಗೆ ಕೂತೋರ ಹೆಸರು ಬರ್ತದೆ. ಬಹಳಷ್ಟು ಸಲ ಆ್ಯಂಟಿವೈರಸ್ಸೇ ಇರ್ತದೆ, ಇಲ್ಲಾಂದ್ರೆ ಸರಿಯಾಗಿ ಮುಚ್ಚದ ಅದೇ ಗೇಮು. ಆ್ಯಂಟಿವೈರಸ್ ಆದ್ರೆ ಆ ಒಂದು ಗೇಮ್ ಫೋಲ್ಡರನ್ನ ಮಾತ್ರ ತಪಾಸಣೆ ಮಾಡ್ಬೇಡ ಅಂತ ಎಕ್ಸ್‌ಕ್ಲೂಷನ್ ಕೊಡಿ. ಆಮೇಲೆ ಸ್ಟೀಮಲ್ಲಿ ಗೇಮಿನ ಪ್ರಾಪರ್ಟೀಸಿಗೆ ಹೋಗಿ ಫೈಲ್‌ಗಳನ್ನ ಒಂದ್ಸಲ ವೆರಿಫೈ ಮಾಡಿಸಿ. 'ಮಿಸ್ಸಿಂಗ್ ಫೈಲ್ ಪ್ರಿವಿಲೆಜಸ್' ಅಂತ ಬಂದಿದ್ರೆ ಮಾತ್ರ ಅದು ಪರ್ಮಿಷನ್ ಸಮಸ್ಯೆ, ಅದಕ್ಕೆ ಸ್ಟೀಮ್ ಸೆಟಿಂಗ್ಸ್‌ನ ಸ್ಟೋರೇಜಲ್ಲಿ ಮೂರು ಚುಕ್ಕೆ ಒತ್ತಿದ್ರೆ ರಿಪೇರ್ ಫೋಲ್ಡರ್ ಅಂತಿದೆ.

ಕ್ರ್ಯಾಕ್ ಮಾಡಿದ, ಅಂದ್ರೆ ಬೀಗ ಮುರಿದು ಕದ್ದ ಗೇಮ್ ಹಾಕೋಕೆ ಆ್ಯಂಟಿವೈರಸ್ ಪೂರ್ತಿ ಆಫ್ ಮಾಡಿ ಅಂತ ಅದರ ಜೊತೆ ಬಂದ ಚೀಟೀಲಿ ಬರ್ದಿದೆ, ಮಾಡ್ಲಾ ಅಂತ ಇನ್ನೊಬ್ರು ಕೇಳಿದಾರೆ. ಊರು ಬರ್ದಿಲ್ಲ. ಕಳ್ಳ ಬಂದು ನಾಯಿ ಕಟ್ಟಿಹಾಕಿ ಅಂದ್ರೆ ಕಟ್ಟಿಹಾಕ್ತೀರಾ ಸ್ವಾಮಿ?

ಪ್ರಶ್ನೆ: ಹಳೇ ಆಫೀಸ್ ಲ್ಯಾಪ್‌ಟಾಪಿಗೆ ಹೊಸದಾಗಿ ವಿಂಡೋಸ್ ಹಾಕಿಸಿದೆ. ಹಳೇ ಗೇಮ್ ಸೇವ್ ಫೋಲ್ಡರಿಗೆ ಓನರ್ ಬದಲಾಯಿಸಿದೆ, ಫುಲ್ ಕಂಟ್ರೋಲೂ ಕೊಟ್ಟೆ, ಆದ್ರೂ ಫೈಲ್ ತೆಗೆದ್ರೆ ಆ್ಯಕ್ಸೆಸ್ ಡಿನೈಡ್. ಐಕಾನ್ ಮೇಲೆ ಪುಟ್ಟ ಬೀಗದ ಚಿತ್ರ ಇದೆ.
— ಹಾಸನ

ಉತ್ತರ: ಆ ಪುಟ್ಟ ಬೀಗ ನೋಡಿ ಬೇಜಾರಾಯ್ತು. ಅದು ಪರ್ಮಿಷನ್ ಅಲ್ಲ, ಎನ್‌ಕ್ರಿಪ್ಷನ್, ವಿಂಡೋಸ್ ಪ್ರೋ ಆವೃತ್ತೀಲಿ ಯಾರೋ ಪ್ರಾಪರ್ಟೀಸಲ್ಲಿ 'ಎನ್‌ಕ್ರಿಪ್ಟ್ ಕಂಟೆಂಟ್ಸ್' ಟಿಕ್ ಮಾಡಿರ್ತಾರೆ. ಪಹಣಿ ನಿಮ್ಮ ಹೆಸರಿಗೆ ಬಂದ್ರೂ ಒಳಗಿನ ಅಕ್ಷರಗಳೇ ಕಲಸಿಹೋಗಿವೆ. ಹಳೇ ಅಕೌಂಟಿನ ಸರ್ಟಿಫಿಕೇಟು, ಪಿಎಫ್‌ಎಕ್ಸ್ ಅಂತ ಕೊನೆಯಾಗೋ ಒಂದು ಫೈಲು, ಪೆನ್ ಡ್ರೈವಲ್ಲೋ ಎಲ್ಲೋ ಬ್ಯಾಕಪ್ ಇದ್ಯಾ ಹುಡುಕಿ. ಆಫೀಸ್ ಲ್ಯಾಪ್‌ಟಾಪ್ ಅಂದ್ರಲ್ಲ, ಅಲ್ಲಿನ ಐಟಿಯೋರ ಹತ್ರ ರಿಕವರಿ ಕೀ ಇದ್ರೂ ಇರ್ಬೋದು, ಒಂದು ಫೋನ್ ಮಾಡಿ ಕೇಳಿ. ಎರಡೂ ಇಲ್ಲ ಅಂದ್ರೆ ಆ ಸೇವ್ ಬರಲ್ಲ, ಗೇಮ್ ಮೊದಲ ಲೆವೆಲ್ಲಿಂದ ಶುರು ಮಾಡಿ.